ಕೋಟು ಬೇಡವೆಂದ ಊರಿನಲ್ಲಿ

ಪಾಂಡವಪುರ

ನನ್ನ ಜೀವಮಾನದ ಮೊದಲ ಕೋಟನ್ನು ಹೊಲಿದವನು ಪಾಂಡವಪುರದ ಸ್ಟೇಷನ್ ರಸ್ತೆಯ ಟೈಲರ್ ನಂಜುಂಡ. ಅವನು ಅಲ್ಲಿಯವರೆಗೆ ಮದುವೆ ಗಂಡುಗಳಿಗಲ್ಲದೆ ಬೇರೆ ಯಾರಿಗೂ ಕೋಟು ಹೊಲಿದವನಲ್ಲ. ನಾನು ಎಷ್ಟು ಬಡಿದುಕೊಂಡರೂ ಕೇಳದೆ ಕಾಲರಿನ ಅಂಚಿಗೆ ಗುಲಾಬಿ ಸಿಕ್ಕಿಸುವ ಕಾಜಾ ಇಟ್ಟೇಬಿಟ್ಟ. ನಿವೃತ್ತಿಗೆ ಹತ್ತಿರ ಬಂದವನಿಗೆ ಗುಲಾಬಿ ಯಾಕಯ್ಯಾ ಎಂದು ರೇಗಿದರೆ, ಇರ್ಲಿ ಬುಡಿ ಸ್ವಾಮಿ, ಸೀಮೆಗೆ ಓಗ್ತಾ ಇದೀರಿ ಎಂದು ನನಗೇ ಸಮಾಧಾನ ಹೇಳಿದ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನು ಶ್ರೀರಂಗಪಟ್ಟಣದವನು. ಹಾಲಿನ ಸೊಸೈಟಿಗಳ ಲೆಕ್ಕಪತ್ರ ನೋಡುವ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಹಾಲನ್ನು ತಣ್ಣಗಿಡುವ ಉಕ್ಕಿನ ತೊಟ್ಟಿಗಳನ್ನು ಮಾಡುವ ಇಂಗ್ಲೆಂಡಿನ ಒಂದು ಕಾರ್ಖಾನೆಯವರು, ಅವನ್ನು ನಡೆಸುವ ರೀತಿ ತೋರಿಸುತ್ತೇವೆ, ನಿಮ್ಮ ಕಡೆಯ ಇಬ್ಬರು ಬನ್ನಿ ಎಂದು ಕರೆದಿದ್ದರು. ಕಚೇರಿಯ ಪರವಾಗಿ ನಾನು ಹೊರಟೆ. ರೈತರ ಪರವಾಗಿ ಕಿಕ್ಕೇರಿ ಕಡೆಯ ಒಂದು ಸೊಸೈಟಿಯ ಅಧ್ಯಕ್ಷ ಬೋರೇಗೌಡರು ಹೊರಟರು. ನಮ್ಮೂರ ಕೋಟೆ ಒಡೆದವರ ದೇಶಕ್ಕೆ ಅವರದೇ ವೇಷ ಹಾಕಿಕೊಂಡು ಹೋಗುವ ಕರ್ಮ ನನಗೆ ಬಂತಲ್ಲ ಎಂದು ಮನೆಯಲ್ಲಿ ಹೇಳಿ ನಗಿಸಿದ್ದೆ.

ಗೌಡರು ಊರಿನಲ್ಲಿ ಬಿಳಿ ಪಂಚೆ, ತೋಳು ಮಡಿಸಿದ ಶರಟಿನ ಮನುಷ್ಯ. ಆರಡಿ ಆಳು, ಗಂಟಲು ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಅವರೂ ನಂಜುಂಡನ ಹತ್ತಿರವೇ, ಅದೇ ಥಾನಿನಲ್ಲಿ ಕೋಟು ಹೊಲಿಸಿದ್ದರಿಂದ ನಾವಿಬ್ಬರೂ ಒಟ್ಟಿಗೆ ನಿಂತರೆ ಮದುವೆಗೆ ಬಂದ ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತಿದ್ದೆವು. ಸಾಲದ್ದಕ್ಕೆ ಗೌಡರು ಪೆಟ್ಟಿಗೆಯಲ್ಲಿ ಒಂದು ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ ತುಂಬಿಕೊಂಡಿದ್ದರು. ನಮ್ಮ ಕಡೆ ಗೊತ್ತಲ್ಲ, ದನದ ಡಾಕ್ಟರಿಗೆ ನಾಗಮಂಗಲಕ್ಕೆ ವರ್ಗವಾದರೂ ಸನ್ಮಾನ, ಹೊಸ ಡಾಕ್ಟರು ಬಂದರೂ ಸನ್ಮಾನ. ಇಷ್ಟು ದೂರ ಹೋಗಿ ಅಲ್ಲಿಯ ದೊಡ್ಡವರಿಗೆ ಪೇಟ ಇಡದೆ ಬರುವುದು ಮರ್ಯಾದೆಯಲ್ಲ ಎನ್ನುವುದು ಅವರ ವಾದ. ನನಗೂ ಅದು ಸರಿಯೆನಿಸಿತು.

ಹೊರಡುವ ಬೆಳಿಗ್ಗೆ ನನ್ನ ಹೆಂಡತಿ ಹೊಸ ಬಟ್ಟೆಯೆಂದು ಕೋಟಿನ ಒಳ ಅಂಚಿಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟು ಕೊಟ್ಟಳು. ನಾನು ಬೇಡವೆನ್ನಲಿಲ್ಲ.

ಲಂಡನ್ನಿನ ರೈಲು

ಲಂಡನ್ನಿನ ಸ್ಟೇಷನ್ನಿನಲ್ಲಿ ಇಳಿದಾಗ ನಮಗೆ ಧೈರ್ಯ ಬಂತು. ಎಲ್ಲಿ ನೋಡಿದರೂ ಕಪ್ಪು ಕೋಟು, ಟೈ, ಕೈಯಲ್ಲಿ ಮಡಿಸಿದ ಪತ್ರಿಕೆ. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ರೈಲು ಹತ್ತಿ ಕೂತ ಮೇಲೆ ಗೌಡರು ಎದುರು ಸೀಟಿನವನ ಮುಖ ನೋಡಿ ನಕ್ಕರು, ಆತ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿಕೊಂಡ. ನಮ್ಮಲ್ಲಾದರೆ ಬಸ್ಸು ಚಿನಕುರಳಿ ದಾಟುವಷ್ಟರಲ್ಲಿ ಪಕ್ಕದವನ ಮಗಳ ಮದುವೆ ಎಲ್ಲಿಗೆ ಬಂತು ಎಂಬುದು ತಿಳಿದುಹೋಗಿರುತ್ತದೆ. ಗೌಡರು ಸುಮ್ಮನೆ ಕೂರಲಾರದೆ ಕಿಟಕಿಯಾಚೆಯ ಹಸುಗಳನ್ನು ನೋಡಿ ಇದು ಇಷ್ಟು ಲೀಟರು, ಅದು ಇಷ್ಟು ಲೀಟರು ಎಂದು ನನಗೇ ಹೇಳುತ್ತಾ ಬಂದರು.

ಕಾರ್ಖಾನೆ ಇದ್ದದ್ದು ಪಶ್ಚಿಮದ ಕಡೆಯ ಒಂದು ಸಣ್ಣ ಊರಿನಲ್ಲಿ. ಇಳಿದುಕೊಂಡದ್ದು ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ. ಆಕೆ ಪರಮ ಸಾಧ್ವಿ. ಕುರ್ಚಿಯ ಮೇಲೆ ಹಾಕಿದ್ದ ನನ್ನ ಕೋಟಿನ ಒಳ ಅಂಚು ಆಕೆಯ ಕಣ್ಣಿಗೆ ಬಿದ್ದು, ಪ್ರಯಾಣದಲ್ಲಿ ಏನೋ ಚೆಲ್ಲಿಕೊಂಡಿದ್ದಾನೆ ಪಾಪ ಎಂದು ಸೋಪು ಹಾಕಿ ಉಜ್ಜಿದರು. ಅರಿಶಿನಕ್ಕೆ ಸೋಪು ತಗುಲಿದರೆ ಏನಾಗುತ್ತದೆಂದು ನಮ್ಮ ಹೆಂಗಸರನ್ನು ಕೇಳಿ. ಹಳದಿ ಇದ್ದದ್ದು ರಕ್ತದ ಬಣ್ಣಕ್ಕೆ ತಿರುಗಿ, ಆಕೆ ಕೈಯಲ್ಲಿ ಕೋಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು ನನಗೆ ಎಲ್ಲಿ ಗಾಯವಾಗಿದೆಯೆಂದು ವಿಚಾರಿಸಿದರು. ಗಾಯವಲ್ಲ ತಾಯಿ, ಮಂಗಳ ಎಂದು ವಿವರಿಸುವಷ್ಟರಲ್ಲಿ ನನ್ನ ಇಂಗ್ಲಿಷು ಖಾಲಿಯಾಯಿತು.

ಕಾರ್ಖಾನೆಯ ಬಾಗಿಲು

ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ ನಮ್ಮನ್ನು ಸ್ವಾಗತಿಸಲು ಒಂದಷ್ಟು ಜನ ನಿಂತಿದ್ದರು. ನೋಡಿದರೆ ಯಾರ ಮೈಮೇಲೂ ಕಚೇರಿಯ ಕಳೆಯಿಲ್ಲ. ಒಬ್ಬ ತೊಳೆದು ಬೆಳ್ಳಗಾದ ಜೀನ್ಸಿನಲ್ಲಿದ್ದ. ಇನ್ನೊಬ್ಬಳು ಗಂಡಸರ ಸ್ವೆಟರ್ ಹಾಕಿಕೊಂಡಿದ್ದಳು. ಇವರೆಲ್ಲ ಪಾಳಿಯ ಕೆಲಸಗಾರರು, ಸಾಹೇಬರು ಒಳಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಬಂದರು. ಕಡುನೀಲಿ ಕೋಟು, ಒಳಗೊಂದು ವೇಸ್ಟ್‌ಕೋಟು, ನೇರವಾಗಿ ಕಟ್ಟಿದ ಟೈ, ಬೆಳ್ಳಗೆ ಬಾಚಿದ ಕೂದಲು, ಮುಖ ಕಾಣುವಷ್ಟು ಹೊಳೆಯುವ ಬೂಟು.

ಗೌಡರು ಒಂದು ಕ್ಷಣವೂ ತಡಮಾಡಲಿಲ್ಲ. ಜೀನ್ಸಿನವನು ಚಾಚಿದ ಕೈಯನ್ನು ದಾಟಿಕೊಂಡು ಸೀದಾ ಹೋಗಿ ಆ ಹಿರಿಯರ ತಲೆಗೆ ಮೈಸೂರು ಪೇಟ ಇಟ್ಟರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ವಿಧವೆಯ ಮನೆಯಿಂದ ತಂದಿದ್ದ ಸೇಬುಗಳನ್ನು ಕೈಗೆ ಕೊಟ್ಟು ಬಗ್ಗಿ ನಮಸ್ಕಾರ ಮಾಡಿದರು. ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆ ಜೀನ್ಸಿನವನೇ. ಆಮೇಲೆ ತಾನು ಸೈಮನ್ ಎಂದು ಕೈಕುಲುಕಿದ. ಅವನೇ ಕಾರ್ಖಾನೆಯ ನಿರ್ದೇಶಕ.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಪ್ಪಾಯಿತು ಎಂದು ತೊದಲಿದೆ. ಸೈಮನ್ ನಕ್ಕು, ಪೇಟ ಇರಬೇಕಾದ ತಲೆಯ ಮೇಲೇ ಇದೆ, ಬಿಡಿ ಎಂದ. ಕೋಟಿನ ಹಿರಿಯರ ಹೆಸರು ಹ್ಯಾರಲ್ಡ್, ಕಚೇರಿಯ ವ್ಯವಸ್ಥಾಪಕರು. ಅವರು ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಒಬ್ಬ ಮಾಮೂಲಿ ಅಧಿಕಾರಿಗೆ ಇಷ್ಟು ಸಣ್ಣ ವಿಷಯಕ್ಕೆ ಕಣ್ಣು ತುಂಬುವುದೇ ಎಂದು ನನಗೆ ಅಚ್ಚರಿಯಾಯಿತು.

ಗೌಡರಿಗೆ ಆಮೇಲೆ ನಿಜ ಹೇಳಿದೆ. ಅವರಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಬಟ್ಟೆ ಆಕ್ಕೊಳಕ್ಕೆ ಬರದೋರು ಎಂಥಾ ಸಾಯೇಬ್ರು, ನಂಗೆ ಅವ್ರೇಯ ಸಾಯೇಬ್ರು ಎಂದುಬಿಟ್ಟರು. ಅಲ್ಲಿಂದಾಚೆ ಹ್ಯಾರಲ್ಡರಿಗೆ ಗೌಡರು ಇಟ್ಟ ಹೆಸರು ಬಿಗ್ ಸಾಯೇಬ್.

ಊಟದ ಕೋಣೆ

ಸೈಮನ್ ಕೆಟ್ಟವನೇನಲ್ಲ. ತಟ್ಟೆ ಹಿಡಿದು ನಮ್ಮ ಜೊತೆ ಸಾಲಿನಲ್ಲಿ ನಿಂತ, ಎಲ್ಲರೂ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನಮ್ಮ ಕಚೇರಿಯಲ್ಲಿ ಮೇಲಧಿಕಾರಿಯ ಎದುರು ಚಪ್ಪಲಿ ಸದ್ದು ಮಾಡಲೂ ಹೆದರುವ ನನಗೆ ಅದು ಹಿಡಿಸಿತು ಎಂದರೆ ಸುಳ್ಳಲ್ಲ. ಅವನೇ ವಿಷಯ ಬಿಡಿಸಿ ಹೇಳಿದ. ಕಾರ್ಖಾನೆಗೆ ಬರುವವರು ಹಸು ಕಟ್ಟಿದ ರೈತರು, ಟೈ ಕಂಡರೆ ದೂರ ಸರಿಯುತ್ತಾರೆ. ಆದ್ದರಿಂದ ಮೊದಲು ಶುಕ್ರವಾರ ಮಾತ್ರ ಕೋಟು ಟೈ ಬೇಡವೆಂದಿದ್ದ, ಈಗ ವಾರವೆಲ್ಲ ಬೇಡವೆಂದು ಮಾಡಿದ್ದಾನೆ. ಎಲ್ಲರೂ ಖುಷಿಯಿಂದ ಒಪ್ಪಿದರು, ಹ್ಯಾರಲ್ಡ್ ಒಬ್ಬರನ್ನು ಬಿಟ್ಟು. ಬಾಗಿಲಲ್ಲಿ ಜನರನ್ನು ಎದುರುಗೊಳ್ಳುವ ಕೆಲಸ ಅವರದು. ಇನ್ನು ಕಾಯಲಾಗುವುದಿಲ್ಲ, ಬರುವ ಸೋಮವಾರದಿಂದ ಎಲ್ಲರ ಹಾಗೆ ಬರಲಿ, ಇಲ್ಲವೇ ಈಗಲೇ ನಿವೃತ್ತಿ ತೆಗೆದುಕೊಳ್ಳಲಿ ಎಂದು ಹೇಳಿಯಾಗಿದೆಯಂತೆ. ಪೂರ್ತಿ ಪಿಂಚಣಿಗೆ ಅವರಿಗೆ ಇನ್ನೂ ಎರಡು ವರ್ಷ ಬಾಕಿಯಿತ್ತು.

ನನಗೆ ನಮ್ಮ ಕಚೇರಿಯ ನೆನಪಾಯಿತು. ಅದೇ ವರ್ಷ ನಾಗಮಂಗಲದಿಂದ ಬಂದಿದ್ದ ಹೊಸ ಹುಡುಗಿಯೊಬ್ಬಳು ಚೂಡಿದಾರದಲ್ಲಿ ಕೆಲಸಕ್ಕೆ ಹಾಜರಾದಳು. ಹೆಡ್ ಗುಮಾಸ್ತರು ಮೂರು ದಿನ ಅವಳ ಕಡೆ ಫೈಲನ್ನೇ ಸರಿಸಲಿಲ್ಲ. ಅವಳು ಕೆ.ಆರ್. ಪೇಟೆಯ ಬಸ್ಸಿನಲ್ಲಿ ಸೆರಗು ಸಿಕ್ಕಿಕೊಂಡು ಬಿದ್ದಿದ್ದಳೆಂದು ಗೊತ್ತಾದ ಮೇಲೆ ಸುಮ್ಮನಾದರು. ಬಟ್ಟೆಯ ಜಗಳ ಎಂದರೆ ಹಳಬರು ಹೊಸಬರನ್ನು ತಡೆಯುವುದು ಎಂದೇ ನಾನು ತಿಳಿದಿದ್ದೆ. ಇಲ್ಲಿ ಅದು ತಲೆಕೆಳಗಾಗಿತ್ತು. ಅವಳಿಗೆ ಅನುಕೂಲವಾದ ಬಟ್ಟೆ ಅವಳಿಗಿರಲಿ ಎನ್ನುವುದಾದರೆ, ಈ ಮುದುಕರಿಗೆ ಅನುಕೂಲವಾದದ್ದು ಇವರಿಗೆ ಯಾಕಿರಬಾರದು ಎಂದು ಸೈಮನ್‌ನನ್ನು ಕೇಳಬೇಕೆನಿಸಿತು. ಅತಿಥಿಯಾಗಿ ಹೋದವನು ಮನೆಯ ವಿಷಯಕ್ಕೆ ಬಾಯಿ ಹಾಕುವುದು ಹೇಗೆಂದು ಆಲೂಗಡ್ಡೆ ತಿಂದೆ.

ಹ್ಯಾರಲ್ಡರ ಮನೆ

ಭಾನುವಾರ ಹ್ಯಾರಲ್ಡ್ ನಮ್ಮನ್ನು ಊಟಕ್ಕೆ ಕರೆದರು. ರಜಾದಿನವಾದರೂ ಟೈ ಕಟ್ಟಿದ್ದರು. ಅವರ ಹೆಂಡತಿ ಮಾರ್ಗರೆಟ್, ನಾನು ಸಸ್ಯಾಹಾರಿಯೆಂದು ತಿಳಿದು ಎಲೆಕೋಸನ್ನು ಅದು ಇನ್ನು ಎಲೆಕೋಸಾಗಿ ಉಳಿಯದಷ್ಟು ಬೇಯಿಸಿಟ್ಟಿದ್ದರು. ಬೆಚ್ಚಗಿನ ಮನೆ. ಒಂದು ಕುರ್ಚಿಯ ಮೇಲೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲವಿತ್ತು, ಅದರಿಂದ ಜೀನ್ಸಿನ ಕಾಲು ಹೊರಗೆ ಇಣುಕುತ್ತಿತ್ತು. ಹ್ಯಾರಲ್ಡ್ ಆ ಕುರ್ಚಿಯ ಕಡೆ ತಿರುಗಿ ಕೂರಲಿಲ್ಲ.

ಊಟವಾದ ಮೇಲೆ ಅವರು ತಾವಾಗಿಯೇ ಹೇಳಿದರು. ಅವರ ತಂದೆ ಯಾರದೋ ತೋಟದಲ್ಲಿ ಹಸು ಕಾಯುತ್ತಿದ್ದವರು. ಸಗಣಿ ಮೆತ್ತಿದ ಬೂಟಿನಲ್ಲೇ ಬಾಳಿ ಸತ್ತವರು. ಮಗನಿಗೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸವಾದ ದಿನ ಕೈಹಿಡಿದುಕೊಂಡು ಪೇಟೆಗೆ ಹೋಗಿ ಕೋಟು ಹೊಲಿಸಿದರಂತೆ. ಇನ್ನು ನಿನ್ನನ್ನು ಯಾರೂ ಹಿತ್ತಲ ಬಾಗಿಲಿಗೆ ಹೋಗು ಎನ್ನುವುದಿಲ್ಲ ಎಂದರಂತೆ. ಅಂದಿನಿಂದ ಹ್ಯಾರಲ್ಡ್ ಕೋಟಿಲ್ಲದೆ ಕಚೇರಿಯ ಮೆಟ್ಟಿಲು ಹತ್ತಿಲ್ಲ.

ನಾನು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಗೌಡರು ಚಹದ ಬಟ್ಟಲು ಕೆಳಗಿಟ್ಟರು. ದೊಡ್ಡ ಗಂಟಲು ತಗ್ಗಿತು.

"ನಮ್ಮಪ್ಪಾನೂ ಇಂಗೇ ಕಣ್ ಸ್ವಾಮಿ," ಎಂದರು. "ನಾನು ಐಸ್ಕೂಲಿಗೆ ಸೇರ್ದಾಗ ಬೆಲ್ಲ ಮಾರಿ ಪ್ಯಾಂಟು ಒಲ್ಸಿಕೊಟ್ಟ. ತಾನು ಸಾಯಗಂಟ ಚಡ್ಡೀಲೇ ಗೇದ. ಗದ್ದೆ ಬಟ್ಟೆ ಬುಡ್ಲಿ ಅಂತ ನಮ್ಮಪ್ಪದೀರು ಅಷ್ಟು ಕಷ್ಟಪಟ್ರು. ಈಗ ಈ ಉಡ್ಗ ಬಂದು ಗದ್ದೆ ಬಟ್ಟೆ ಆಕ್ಕೊಂಡೇ ಬಾ ಅಂತಾವ್ನೆ. ಉಳ್ಳೋರು ಅರಿದಿದ್ದು ಆಕ್ಕಂಡ್ರೂ ಉಳ್ಳೋರೆಯ. ನಮ್ಮಂತೋರು ಆಕ್ಕಂಡ್ರೆ ಆಳು ಅಂತಾರೆ. ಬಿಚ್ಬ್ಯಾಡಿ ಅಂತ ಯೋಳಿ ಅವ್ರಿಗೆ."

ಗೌಡರು ಹೇಳಿದ್ದು ನನಗೆ ಎದೆಗೇ ನಾಟಿತು. ನಾನು ಅದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.  ಹ್ಯಾರಲ್ಡ್ ಎದ್ದು ಬಂದು ಗೌಡರ ಕೈ ಹಿಡಿದುಕೊಂಡು, ನಾಳೆ ನಾನು ಯಾವತ್ತಿನ ಹಾಗೇ ಬರುತ್ತೇನೆ ಎಂದರು. ಮಾರ್ಗರೆಟ್ ತಟ್ಟೆಗಳನ್ನು ಎತ್ತುತ್ತಿದ್ದವರು ನಿಂತರು. ಇನ್ನೆರಡು ವರ್ಷ ಹ್ಯಾರಲ್ಡ್, ಒಂದು ಸ್ವೆಟರಿನಿಂದ ಯಾರೂ ಸಾಯುವುದಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಬಾಗಿಲವರೆಗೆ ಬಂದು ನಮ್ಮನ್ನು ಕಳಿಸುವಾಗ ಆಕೆ ನಗಲಿಲ್ಲ. ಅವರ ಮನೆಯ ಎರಡು ವರ್ಷದ ಅನ್ನದ ವಿಷಯದಲ್ಲಿ ನಾವು ಎರಡು ದಿನದ ನೆಂಟರು ಮಾತಾಡಿ ಎದ್ದು ಬಂದಿದ್ದೆವು.

ಸೋಮವಾರ

ಮಾತಿನಂತೆ ಅವರು ಕೋಟು ಟೈಯಲ್ಲೇ ಬಂದರು. ನಾವು ಆಗ ತೊಟ್ಟಿಯ ತಳ ತೊಳೆಯುವ ಕೊಳವೆಯ ಪಾಠದಲ್ಲಿದ್ದೆವು. ಗಾಜಿನ ಆಚೆ ಅವರು ಅಂಗಳ ದಾಟುವುದು ಕಂಡಿತು. ಗೌಡರು ಪಾಠ ಬಿಟ್ಟು ಎರಡೂ ಕೈ ಎತ್ತಿ ಮುಗಿದರು, ಹ್ಯಾರಲ್ಡ್ ತಲೆ ಬಾಗಿಸಿದರು. ಸ್ವಲ್ಪ ಹೊತ್ತಿಗೆ ಸೈಮನ್ ಅವರನ್ನು ಕೋಣೆಗೆ ಕರೆದ, ಬಾಗಿಲು ಮುಚ್ಚಿತು. ಆ ಬಾಗಿಲು ತೆರೆದದ್ದನ್ನು ನಾವು ನೋಡಲಿಲ್ಲ, ನಮ್ಮನ್ನು ಯಾವುದೋ ಕೊಟ್ಟಿಗೆ ತೋರಿಸಲು ವ್ಯಾನಿನಲ್ಲಿ ಕರೆದೊಯ್ದರು.

ಮಂಗಳವಾರ ಅವರ ಮೇಜು ಖಾಲಿಯಿತ್ತು. ಬುಧವಾರವೂ ಖಾಲಿ. ಕೇಳಿದರೆ ರಜೆ ಎಂದರು. ಆ ದೇಶದಲ್ಲಿ ಇದೊಂದು ಕಷ್ಟ. ಯಾಕೆ ರಜೆ, ಮೈ ಹುಷಾರಿಲ್ಲವೇ, ಮನೆಯಲ್ಲಿ ಏನಾದರೂ ಆಯಿತೇ ಎಂದು ಮುಂದೆ ಕೇಳಿದರೆ ಅಪಚಾರ. ನಮ್ಮಲ್ಲಾದರೆ ಒಬ್ಬ ಗುಮಾಸ್ತ ಬರದಿದ್ದರೆ ಸಂಜೆಗೆ ನಾಲ್ಕು ಜನ ಅವನ ಮನೆ ಜಗಲಿಯ ಮೇಲೆ ಕೂತಿರುತ್ತಾರೆ. ನನಗೆ ರಾತ್ರಿ ಅವರ ಮನೆಗೆ ಹೋಗೋಣವೆನಿಸಿತು. ಮಾರ್ಗರೆಟ್‌ರ ಮುಖ ನೆನಪಾಗಿ ಹೋಗಲು ಮನಸ್ಸು ಬರಲಿಲ್ಲ.

ಗೌಡರು ಮಾತ್ರ ನಿಶ್ಚಿಂತೆಯಿಂದಿದ್ದರು. ಗಂಡ್ಸು ಕಣ್ ಸ್ವಾಮಿ, ಮುಖಕ್ಕೆ ಒಡ್ದಂಗೆ ಯೋಳ್ಬುಟ್ಟು ಮನೇಗ್ ಓಗವ್ರೆ, ಅವ್ರೇ ಕರ್ಕಬತ್ತಾರೆ ನೋಡಿ ಎನ್ನುತ್ತಿದ್ದರು.

ಹೊರಡುವ ದಿನ

ಕೊನೆಯ ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ನಮ್ಮನ್ನು ರೈಲಿಗೆ ಮುಟ್ಟಿಸುವ ವ್ಯಾನು ಬಾಗಿಲಲ್ಲಿ ನಿಂತಿತ್ತು. ಬಂದ ದಿನ ನಿಂತಿದ್ದವರೇ ಮತ್ತೆ ಸಾಲಾಗಿ ನಿಂತಿದ್ದರು. ಗೌಡರು ಒಬ್ಬೊಬ್ಬರ ಕೈಯನ್ನೂ ಎರಡು ಕೈಯಲ್ಲಿ ಹಿಡಿದು ಅಲುಗಿಸುತ್ತಾ, ಕಣ್ಣು ಮಾತ್ರ ಎಲ್ಲರ ತಲೆಯ ಮೇಲಿಂದ ಕಚೇರಿಯ ಬಾಗಿಲಿನ ಕಡೆ ಇಟ್ಟುಕೊಂಡು ಬಂದರು. ನಮ್ ಸಾಯೇಬ್ರು ಎಲ್ಲಿ, ಕಾಣಲ್ವಲ್ಲ ಎಂದು ನನ್ನನ್ನು ಕೇಳಿದರು. ಬರುತ್ತಾರೆ ಎಂದೆ.

ಸಾಲಿನ ಕೊನೆಯಲ್ಲಿ ವ್ಯಾನಿನ ಪಕ್ಕ ಒಬ್ಬ ಮುದುಕ ನಿಂತಿದ್ದ. ಅವನಿಗೆ ಒಂದು ಸೈಜು ದೊಡ್ಡದಾದ ಹಳದಿ ಸ್ವೆಟರು, ಇನ್ನೂ ಮಡಿಕೆಯ ಗೆರೆ ಹೋಗದ ಹೊಸ ಜೀನ್ಸು, ಬಿಳಿ ಕ್ಯಾನ್ವಾಸ್ ಬೂಟು. ಕೂದಲು ಮಳೆಗೆ ಹಣೆಯ ಮೇಲೆ ಅಂಟಿತ್ತು. ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮುಂದೆ ಚಾಚಿದ ಹಾಗೆ ಹಿಡಿದಿದ್ದ. ಗೌಡರು ಬಾಗಿಲ ಕಡೆಯೇ ನೋಡುತ್ತಾ, ಆ ಚಾಚಿದ ಕೈಗೆ ತಮ್ಮ ಚೀಲ ಕೊಟ್ಟು, ವ್ಯಾನಿನ ಹಿಂಭಾಗವನ್ನು ಬೆರಳಲ್ಲಿ ತೋರಿಸಿದರು.

ಆ ಮುದುಕ ಹ್ಯಾರಲ್ಡ್.

ನನಗೆ ಅವರ ಗುರುತು ಸಿಕ್ಕಿದ್ದು ಅವರು ಚೀಲದ ಭಾರಕ್ಕೆ ಒಮ್ಮೆ ಬಾಗಿ ನೆಟ್ಟಗಾದಾಗ. ಅಯ್ಯೋ ಗೌಡರೇ ಎನ್ನಲು ಬಾಯಿ ತೆರೆದೆ. ಹ್ಯಾರಲ್ಡ್ ನನ್ನನ್ನೇ ನೋಡುತ್ತಿದ್ದರು. ಬೇಡ ಎಂಬಂತೆ ತಲೆಯಾಡಿಸಿದರು, ಎರಡು ಸಲ. ನಾನು ನಿಂತಲ್ಲೇ ನಿಂತೆ. ಅವರು ಚೀಲವನ್ನು ನಿಧಾನವಾಗಿ ಹೊತ್ತು ತಂದು ವ್ಯಾನಿನೊಳಗಿಟ್ಟು, ಅದು ಉರುಳದಂತೆ ಪಕ್ಕದ ಪೆಟ್ಟಿಗೆಗೆ ಒತ್ತರಿಸಿ, ಬಾಗಿಲು ಮುಚ್ಚಿದರು.

ಗೌಡರು ತಮಗೆ ಬರುವ ಇಂಗ್ಲಿಷಿನಲ್ಲಿ ಸೈಮನ್‌ನನ್ನು ಕೇಳಿದರು, "ಬಿಗ್ ಸಾಯೇಬ್, ವೇರ್?"

ಸೈಮನ್ ಹ್ಯಾರಲ್ಡರ ಕಡೆ ನೋಡಿದ, ಆಮೇಲೆ ನೆಲ ನೋಡಿದ. ಅವನ ಮುಖ ಕೆಂಪಾಯಿತು.  ಉತ್ತರ ಕೊಟ್ಟವರು ವ್ಯಾನಿನ ಹತ್ತಿರ ನಿಂತಿದ್ದ ಹ್ಯಾರಲ್ಡರೇ.

"ಅವರು ಇವತ್ತು ಬಂದಿಲ್ಲ. ನೀವು ಕೇಳಿದಿರಿ ಎಂದು ಅವರಿಗೆ ಹೇಳುತ್ತೇನೆ," ಎಂದರು.

ಗೌಡರಿಗೆ ಇಂಗ್ಲಿಷು ತಿಳಿಯಲಿಲ್ಲ. ನನ್ನ ಮುಖ ನೋಡಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಗೌಡರು ಆ ಮುದುಕನಿಗೆ ಥ್ಯಾಂಕ್ಯೂ ಎಂದು ವ್ಯಾನು ಹತ್ತಿದರು.

ವ್ಯಾನು ಊರು ದಾಟಿ ಹಸುಗಳ ಬಯಲಿಗೆ ಬಂದ ಮೇಲೆ ಗೌಡರು ನನ್ನ ಕಡೆ ತಿರುಗಿದರು. ಬೇಜಾರಿನಲ್ಲಿದ್ದರು. ಹೇಳಿ ಹೋಗಲು ಅವರು ಸಿಗಲಿಲ್ಲವಲ್ಲ ಎಂಬುದೊಂದೇ ಅವರ ಬೇಜಾರು.

"ಅವ್ರು ಕೋಟು ಬಿಚ್ಚಿಲ್ಲ ತಾನೇ ಸ್ವಾಮಿ?" ಎಂದರು.

"ಬಿಚ್ಚಿಲ್ಲ ಗೌಡರೇ," ಎಂದೆ.

ಅವರ ಮುಖ ಅರಳಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ. ಹ್ಯಾರಲ್ಡರ ಕೆಲಸ ಉಳಿದು ಎರಡು ವರ್ಷ ಅವರ ಮನೆಯ ಅಡುಗೆ ನಡೆದಿರಬೇಕು, ಅದು ಸಣ್ಣ ಮಾತಲ್ಲ. ಆದರೂ ಆ ಹಳದಿ ಸ್ವೆಟರನ್ನು ನಾನು ಮರೆತಿಲ್ಲ.

ಬೋರೇಗೌಡರು ಈಗಲೂ ಕಿಕ್ಕೇರಿಯಲ್ಲಿ, ಹಾಲು ಹಾಕಲು ಬಂದವರನ್ನು ಕೂರಿಸಿಕೊಂಡು, ಸೀಮೆಯಲ್ಲಿ ಕೋಟು ಬಿಚ್ಚದ ಒಬ್ಬ ಸಾಹೇಬರಿದ್ದಾರೆ ಎಂದು ಕತೆ ಹೇಳುತ್ತಾರೆ. ನಾನು ಅಲ್ಲಿದ್ದರೆ, ಬೇಕಾರೆ ಇವ್ರನ್ನ ಕೇಳ್ರಲಾ ಎಂದು ನನ್ನನ್ನು ತೋರಿಸುತ್ತಾರೆ. ನಾನು ಹೌದೆನ್ನುತ್ತೇನೆ.